1936ರ ಸ್ವೀಡಿಷ್ ಸಿನಿಮಾ ‘ಇಂಟರ್‌ಮೆಝೊ’ ಕಥೆ ಏನು? ಈಗಲೂ ನೋಡಬಹುದಾ?

ಖಂಡಿತ ನೋಡಿ. ನನಗೆ ತುಂಬಾ ಇಷ್ಟವಾದ ಸಿನಿಮಾ ಇದು. ನಿರ್ದೇಶಕ ಗುಸ್ತಾಫ್ ಮೊಲಾಂಡರ್.

ಹೋಲ್ಗರ್ ಹೆಸರಾಂತ ಪಿಟೀಲು ವಾದಕ. ಹೆಂಡತಿ ಮಕ್ಕಳಿರುವ ಮನೆ. ಮಗಳಿಗೆ ಪಿಯಾನೊ ಹೇಳಿಕೊಡಲು ಬರುವ ಆನಿತಾಳ ಮೇಲೆ ಅವನಿಗೆ ಮನಸ್ಸಾಗುತ್ತದೆ. ಇಬ್ಬರೂ ಊರೂರು ಕಛೇರಿ ಮಾಡುತ್ತಾ ಹೊರಟೇಬಿಡುತ್ತಾರೆ. ಆಮೇಲೆ ಮಗಳ ನೆನಪು ಅವನನ್ನು ಕಾಡಲು ಶುರುವಾಗುತ್ತದೆ. ಮುಂದಿನದು ನೀವೇ ನೋಡಿ, ಹೇಳಿದರೆ ರುಚಿ ಕೆಡುತ್ತೆ.

ಇಂಟರ್‌ಮೆಝೊ ಅಂದರೆ ಎರಡು ದೊಡ್ಡ ಭಾಗಗಳ ನಡುವೆ ಬರುವ ಪುಟ್ಟ ಸಂಗೀತ. ಆನಿತಾ ಅವನ ಬದುಕಿನಲ್ಲಿ ಅಷ್ಟೇನಾ? ಈ ಪ್ರಶ್ನೆಯೇ ಸಿನಿಮಾದ ಜೀವ. ಅವಳು ಪಿಯಾನೊ ಮುಂದೆ ಕೂತಿದ್ದಾಳೆ, ಅವನು ಪಿಟೀಲು ಹಿಡಿದು ಪಕ್ಕದಲ್ಲಿ ನಿಂತಿದ್ದಾನೆ. ಇಬ್ಬರ ನಡುವಿನ ಪ್ರೀತಿ ಮಾತಿಗಿಂತ ಜಾಸ್ತಿ ಅಲ್ಲೇ ಕೇಳಿಸುತ್ತದೆ. ಮಾತಿನ ಚಿತ್ರಗಳ ಮೊದಲ ದಶಕದಲ್ಲೇ ಧ್ವನಿಯನ್ನು ಹೀಗೆ ಬಳಸಿದ್ದಾರೆ, ದೊಡ್ಡ ವಿಷಯ ಅಲ್ವಾ?

ಹೋಲ್ಗರ್ ಆಗಿರುವವರು ಆಗಿನ ದೊಡ್ಡ ತಾರೆ ಯೋಸ್ತಾ ಎಕ್‌ಮನ್. ಆನಿತಾ ಆಗಿರುವವರು 21 ವರ್ಷದ ಇಂಗ್ರಿಡ್ ಬರ್ಗ್‌ಮನ್. 1939ರಲ್ಲಿ ಇದೇ ಕಥೆ ಹಾಲಿವುಡ್‌ನಲ್ಲಿ ಮತ್ತೆ ಸಿನಿಮಾ ಆಯಿತು. ಅಲ್ಲೂ ಅವರೇ ನಾಯಕಿ, ಅದೇ ಅವರ ಮೊದಲ ಹಾಲಿವುಡ್ ಚಿತ್ರ. ಎರಡರಲ್ಲಿ ಒಂದನ್ನೇ ನೋಡುವುದಾದರೆ ಸ್ವೀಡಿಷ್‌ನದ್ದನ್ನೇ ನೋಡಿ.