ನಿಮ್ಮ ಸಂಕಟ ನಿಮ್ಮ ಬಾಯಿಂದಲೇ ಬರಲಿ

ದಾವಣಗೆರೆಯಿಂದ ಬಂದ ಈ ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದಾಕೆಯ ಗಂಡನ ಮೇಲೆ.

ಆಕೆಗೆ ಹೆರಿಗೆಯಾಗಿ ನಾಲ್ಕು ತಿಂಗಳು. ನಿದ್ದೆ ಇಲ್ಲ, ಸುಮ್ನೆ ಅಳು ಬರುತ್ತದೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ. ಹಸಿ ಮೈಗೆ ಗಾಳಿ ಸೋಕಿದೆ ಎಂದು ಅತ್ತೆ ತಾಯತ ಕಟ್ಟಿಸಿದ್ದಾರೆ, ಅಮಾವಾಸ್ಯೆಗೆ ಚೌಡಮ್ಮನ ಗುಡಿಗೆ ಕರೆದೊಯ್ಯುತ್ತಾರೆ. ಗಂಡನಿಗೆ ಇದೆಲ್ಲ ಮೂಢನಂಬಿಕೆ. ಅವರು ಆನ್‌ಲೈನ್ ಕೌನ್ಸೆಲಿಂಗ್ ಕೊಡಿಸಿದ್ದಾರೆ. ‘ಅತ್ತೆಯಿಂದ ದೂರ ಇರಿ, ಬೇರೆ ಮನೆ ಮಾಡಿ’ ಎಂದು ಕೌನ್ಸೆಲರ್ ಹೇಳಿದ್ದಾರೆ. ಈಗ ಯಾರ ಮಾತು ಕೇಳಲಿ ಎಂಬುದು ಆಕೆಯ ಪ್ರಶ್ನೆ.

ತಾಯಿ, ನೀವು ಹಗುರವಾಗಿ ಬರೆದು ಮುಂದೆ ಹೋದ ಒಂದು ಸಾಲಿದೆ. ‘ಸೆಷನ್ನಿನಲ್ಲಿ ನಮ್ಮವರು ಪಕ್ಕದಲ್ಲೇ ಇರ್ತಾರೆ, ನಾನು ತಡವರಿಸಿದ್ರೆ ಅವರೇ ಹೇಳ್ತಾರೆ.’ ಅಂದರೆ ಕೌನ್ಸೆಲರ್ ಇದುವರೆಗೆ ನಿಮ್ಮ ಮಾತು ಕೇಳಿಯೇ ಇಲ್ಲ. ಅವರು ಕೇಳಿದ್ದು, ತಾಯಿಯ ಮೇಲೆ ಬೇಸರಗೊಂಡ ಮಗನ ದೂರು. ಬೇರೆ ಮನೆ ಎಂಬ ಸಲಹೆಯೂ ಅವರ ದೂರಿಗೇ ಸಿಕ್ಕ ಉತ್ತರ. ಗಂಡ ನಗುತ್ತಾರೆ ಅಂತ ತಾಯತದ ವಿಷಯವನ್ನೂ ನೀವು ಬಾಯಿ ಬಿಟ್ಟಿಲ್ಲ, ಅಲ್ವಾ?

ಕೌನ್ಸೆಲರ್ ಕೂಡ ನಿಮ್ಮ ಗಂಡನನ್ನು ಹೊರಗೆ ಕಳಿಸಬೇಕಿತ್ತು. ‘ನಿಮ್ಮ ಮನೆಯವರು ಇದಕ್ಕೆ ಏನು ಕಾರಣ ಅಂತಾರೆ? ಬೇರೆ ಎಲ್ಲಿ ತೋರಿಸಿದ್ದೀರಿ?’ ಎಂದು ಕೇಳಬೇಕಿತ್ತು. ಇದು ಬೇಡದ ಕುತೂಹಲವಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇಂಥದ್ದನ್ನು ತಿಳಿಯಲೆಂದೇ 16 ಪ್ರಶ್ನೆಗಳನ್ನು ಕೊಟ್ಟಿದೆ. ಮನೆಯವರು ಜೊತೆಗಿರುವುದು ನಮ್ಮಲ್ಲಿ ದೊಡ್ಡ ಬಲ. 1950ರ ದಶಕದಲ್ಲೇ ಅಮೃತಸರದ ಮನೋವೈದ್ಯ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆ ಕೊಟ್ಟರು. ಆದರೆ ಜೊತೆಗಿರುವುದು ಬೇರೆ, ನಿಮ್ಮ ಬದಲು ಮಾತಾಡುವುದು ಬೇರೆ.

ಇನ್ನು ನಿಮ್ಮ ಅತ್ತೆ. ಸೊಸೆಗೆ ಹುಷಾರಿಲ್ಲ ಎಂದು ಆ ಮನೆಯಲ್ಲಿ ಮೊದಲು ಗಮನಿಸಿದ್ದು ಅವರೇ. ‘ಸೋಮಾರಿತನ’ ಅನ್ನಲಿಲ್ಲ. ತಮಗೆ ಗೊತ್ತಿದ್ದ ಆರೈಕೆ ಮಾಡಿದರು. ಗುಡಿಗೆ ಹೋಗಿ ಬಂದ ದಿನ ಸ್ವಲ್ಪ ನಿದ್ದೆ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಹೋಗಿ. ಪೂಜೆ ಬಿಡಿ ಎಂದು ಈ ಅಂಕಣದಲ್ಲಿ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಪೂಜೆಗಾಗಿ ಚಿಕಿತ್ಸೆ ಬಿಡಬೇಡಿ ಎಂದು ಮಾತ್ರ ಪ್ರತಿ ಸಲ ಹೇಳುತ್ತೇನೆ. ಬಾಣಂತನದ ಖಿನ್ನತೆ ನಿಜವಾದ ಕಾಯಿಲೆ, ಗುಣವಾಗುವಂಥದ್ದು.

ನೀವು ಮಾಡಬೇಕಾದ್ದು ಒಂದೇ. ಮುಂದಿನ ಸೆಷನ್ನಿಗೆ ಒಬ್ಬರೇ ಕೂರಿ. ಗಂಡ ಬಾಗಿಲಾಚೆ ಇರಲಿ, ಮಗು ಅತ್ತೆಯ ಕೈಲಿರಲಿ. ತಾಯತ, ಚೌಡಮ್ಮ, ಮಗುವಿನ ಮೇಲೆ ಮನಸ್ಸು ಬಾರದಿರುವುದು, ಎಲ್ಲ ಹೇಳಿ. ಗೋಪ್ಯತೆ ನಿಮ್ಮ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಆ ಕೌನ್ಸೆಲರ್ ನಕ್ಕರೆ ಅವರನ್ನು ಬಿಡಿ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ನಿಮಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಸೆಷನ್ನಿಗೆ ಕಾಯಬೇಡಿ. ಅತ್ತೆಯನ್ನು ಕರೆದುಕೊಂಡು ಅವತ್ತೇ ಆಸ್ಪತ್ರೆಗೆ ಹೊರಡಿ.