ಮನೆ ತುಂಬ ಜನ, ಸೋಮವಾರ ಬೆಳಿಗ್ಗೆ ಯಾರೂ ಇಲ್ಲ

(ಗುರುತು ಸಿಗದಂತೆ ಊರು, ವಯಸ್ಸು, ನೆಂಟಸ್ತಿಕೆಯ ವಿವರಗಳನ್ನು ಬದಲಿಸಲಾಗಿದೆ.)

ಮಂಡ್ಯ ತಾಲ್ಲೂಕಿನ ನಾಲೆ ಬಯಲಿನ ಒಂದು ಹಳ್ಳಿ. ಆಕೆಗೆ 44 ವರ್ಷ. ಗಂಡನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ಸೋಮ, ಬುಧ, ಶುಕ್ರವಾರ ಮಂಡ್ಯದಲ್ಲಿ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಮನೆಯಲ್ಲಿ ಅತ್ತೆ, ದ್ವಿತೀಯ ಪಿಯುಸಿ ಓದುತ್ತಿರುವ ಮಗಳು, ಎರಡು ಸೀಮೆಹಸು, ಎಕರೆಯಷ್ಟು ಕಬ್ಬು. ತಲೆನೋವು, ರಾತ್ರಿ ಮೂರಕ್ಕೇ ಎಚ್ಚರ, ಮಗಳ ಮೇಲೆ ವಿನಾಕಾರಣ ಸಿಡುಕು. ಡಯಾಲಿಸಿಸ್ ಘಟಕದ ನರ್ಸ್ ಆಕೆಯನ್ನು ಒತ್ತಾಯಿಸಿ ಆಪ್ತಸಮಾಲೋಚನೆಗೆ ಕಳಿಸಿದ್ದರು.

"ನಂಗೇನ್ ಕಮ್ಮಿ ಇಲ್ಲ, ಎಲ್ಲಾರೂ ಅವ್ರೆ" ಎಂದರು. ಸುಳ್ಳಲ್ಲ. ಸಂಜೆ ಆರರ ಮೇಲೆ ಮನೆ ತುಂಬ ನೆಂಟರು. ಬಂದವರೆಲ್ಲ ಹೊರಡುವಾಗ "ಏನ್ ಬೇಕಾದ್ರೂ ಕೇಳವ್ವ" ಎನ್ನುತ್ತಾರೆ. ಆದರೆ ಆಕೆಗೆ ಜನ ಬೇಕಾಗಿರುವುದು ಬೆಳಿಗ್ಗೆ. ಐದಕ್ಕೆ ಹಾಲು ಕರೆದು, ಆರಕ್ಕೆ ಡೇರಿಗೆ ಹಾಕಿ, ಏಳರ ಬಸ್ಸು ಹಿಡಿಯಬೇಕು. ಎಂಟರಿಂದ ಹನ್ನೆರಡು ಯಂತ್ರದ ಪಕ್ಕ. ಸೂಜಿ ತೆಗೆದ ಮೇಲೆ ರಕ್ತ ನಿಲ್ಲಬೇಕು, ಬಿಪಿ ಇಳಿದಿದ್ದರೆ ತಲೆಸುತ್ತು ಹೋಗುವವರೆಗೆ ಮಲಗಿಸಬೇಕು. ಶಕ್ತಿ ಯೋಜನೆಯಿಂದ ಆಕೆಗೆ ಬಸ್ ಟಿಕೆಟ್ ಇಲ್ಲ, ನಿಜ. ಆದರೆ ಡಯಾಲಿಸಿಸ್ ಮುಗಿಸಿದವರನ್ನು ತುಂಬಿದ ಬಸ್ಸಿನಲ್ಲಿ ನಿಲ್ಲಿಸಿ ತರಲಾಗದು, ಬರುವಾಗ ಆಟೋನೇ ಗತಿ. ಮನೆ ಸೇರುವಾಗ ಎರಡೂವರೆ, ಕೊಟ್ಟಿಗೆಯಲ್ಲಿ ಹಸುಗಳ ಕೂಗು. ಸಂಜೆ ಮತ್ತೆ ಹಾಲು, ಆಮೇಲೆ ಬಂದವರಿಗೆಲ್ಲ ಕಾಫಿ. ಆ ನೆಂಟರು ಪ್ರೀತಿಯಿಂದ ತರುವುದು ಎಳನೀರು, ಬಾಳೆಹಣ್ಣು. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಡಯಾಲಿಸಿಸ್ ರೋಗಿಯ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ಹದಗೆಡುತ್ತದೆ. ಗಂಡನ ಕೈಗೆ ಸಿಗದಂತೆ ಅವನ್ನು ಬಚ್ಚಿಡುವುದು ಆಕೆಯ ಇನ್ನೊಂದು ಕೆಲಸ.

ಮೊದಲು ಅಳತೆಗಳು. ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಯೋಗಕ್ಷೇಮ ಪಟ್ಟಿಯಲ್ಲಿ 25ಕ್ಕೆ 7 ಬಂತು. ನಾಲ್ಕರಿಂದ ಗುಣಿಸಿದರೆ ನೂರಕ್ಕೆ 28. ಇದು 50 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಖಿನ್ನತೆಗಾಗಿ ನೋಡಲೇಬೇಕು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯು-9ರಲ್ಲಿ 12, ಅಂದರೆ ಮಧ್ಯಮ ಮಟ್ಟ. ಸಾವಿನ ಯೋಚನೆ ಕೇಳುವ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ ಹಾಕಿದ್ದರು. ಆದರೆ ಮಾತಿನ ನಡುವೆ "ಎಲ್ಲಾರ ಹೊಂಟೋಗ್ಬುಡಾನ ಅನ್ನುಸ್ತದೆ" ಎಂಬ ಮಾತು ಬಂದಿತ್ತು. ಇಂಥ ಕಡೆ ಸೊನ್ನೆಯನ್ನು ನಂಬಿ ಮುಂದೆ ಹೋಗಬಾರದು. ಸಾಯಬೇಕು ಅನ್ನಿಸುತ್ತದೆಯೇ, ಹೇಗೆ ಎಂದು ಯೋಚಿಸಿದ್ದುಂಟೇ ಎಂದು ನೇರವಾಗಿ ಕೇಳಲಾಯಿತು. ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ಭಯ. ಆಕೆಗೆ ಬೇಕಿದ್ದದ್ದು ಎರಡು ದಿನ ತವರಿನಲ್ಲಿ ನಿದ್ದೆ, ಸಾವಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮಗಳ ಫೋನಿನಲ್ಲೂ ಬರೆಸಿ, ಮನೋವೈದ್ಯರಿಗೆ ತೋರಿಸಲು, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಗೆ ಕಳಿಸಲಾಯಿತು. ಔಷಧಿ ಸದ್ಯಕ್ಕೆ ಬೇಡ, ಒಂದು ತಿಂಗಳು ನೋಡೋಣ ಎಂದರು ವೈದ್ಯರು.

ಬೆಂಬಲದ ಅಳತೆಗೆ ಝಿಮೆಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ 12 ಹೇಳಿಕೆಗಳ ಮಾಪನ. ಕುಟುಂಬ, ಸ್ನೇಹಿತರು, ವಿಶೇಷ ಆಪ್ತರು ಎಂದು ನಾಲ್ಕು ನಾಲ್ಕು ಹೇಳಿಕೆ, ಒಂದರಿಂದ ಏಳರವರೆಗೆ ಅಂಕ. ಆಕೆಯ ಒಟ್ಟು ಸರಾಸರಿ 3.6, "ಸಾಧಾರಣ". ಒಟ್ಟು ಮೊತ್ತವನ್ನಷ್ಟೇ ನೋಡುವವರು ಇಲ್ಲೇ ಎಡವುವುದು. ಬಿಡಿಸಿ ನೋಡಿದರೆ ಕುಟುಂಬ 5.5, ಆಪ್ತರು 3, ಸ್ನೇಹಿತರು 2.25. ಮದುವೆಯಾಗಿ ಬಂದ ಹೆಣ್ಣಿಗೆ ಗೆಳತಿಯರ ಬಳಗ ಒಡೆದುಹೋಗುವುದು ನಮ್ಮಲ್ಲಿ ಸುದ್ದಿಯೇ ಅಲ್ಲ, ಹಾಗಾಗಿ ಯಾರೂ ಕೇಳುವುದೂ ಇಲ್ಲ.

ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದರು. ಸಾಮಾಜಿಕ ಸಂಬಂಧ ಗಟ್ಟಿ ಇದ್ದವರು ಬದುಕಿ ಉಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚು ಎಂಬ ಅವರ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಲೇಖನದ ಇನ್ನೊಂದು ಅಂಶ ನಮಗೆ ಹೆಚ್ಚು ಬೇಕಾದದ್ದು. ಒಂಟಿಯಾಗಿದ್ದಾರೋ, ಯಾರ ಜೊತೆಗಾದರೂ ಇದ್ದಾರೋ ಎಂಬಷ್ಟನ್ನೇ ಕೇಳಿದ ಅಧ್ಯಯನಗಳಲ್ಲಿ ಅದಕ್ಕೂ ಬದುಕಿ ಉಳಿಯುವುದಕ್ಕೂ ಕಂಡ ನಂಟು ತೀರಾ ದುರ್ಬಲವಾಗಿತ್ತು. ಮನೆ ತುಂಬ ಜನ ಇದ್ದಾರೆಂದು ಸಮಾಧಾನಪಡುವಂತಿಲ್ಲ.

ಕೊಟ್ಟ ಸಲಹೆ

ಒಂದು ಹಾಳೆಯ ಮೇಲೆ ಮೂರು ವೃತ್ತ. ಕಾನ್ ಮತ್ತು ಆಂಟನುಚಿ 1980ರಲ್ಲಿ ಮುಂದಿಟ್ಟ ಕ್ರಮ ಇದು: ಒಳಗೆ ಯಾರಿಲ್ಲದೆ ಬದುಕಿಲ್ಲವೋ ಅವರು, ನಡುವೆ ಹತ್ತಿರದವರು, ಹೊರಗೆ ಕೆಲಸ-ವ್ಯವಹಾರದಿಂದ ಪರಿಚಿತರು. ಪ್ರತಿ ಹೆಸರಿನ ಮುಂದೆ ಕಳೆದ ತಿಂಗಳು ಅವರಿಂದ ನಿಜವಾಗಿ ಬಂದದ್ದನ್ನು ಬರೆಯಬೇಕು. ಜೇಮ್ಸ್ ಹೌಸ್ 1981ರಲ್ಲಿ ಹೇಳಿದ ನಾಲ್ಕು ಬಗೆ ಸಾಕು: ಮನಸ್ಸಿಗೆ ಆಸರೆ, ಕೈಗೆ ಆಸರೆ, ಮಾಹಿತಿ, "ನೀನು ಮಾಡುತ್ತಿರುವುದು ಸರಿ" ಎಂಬ ಮಾತು. ಬಂದ ಬುದ್ಧಿವಾದಗಳು ಹಾಳೆಯಲ್ಲಿ ಹಿಡಿಯಲಾರದಷ್ಟಿದ್ದವು. ಒಳವೃತ್ತದ ನಾಲ್ವರಲ್ಲಿ ಮೂವರನ್ನು ನೋಡಿಕೊಳ್ಳುತ್ತಿದ್ದವರು ಈಕೆಯೇ. ಕೈಯಾಸರೆ ಕೊಡಬಲ್ಲವರು ಇದ್ದದ್ದು ಹೊರವೃತ್ತದಲ್ಲಿ: ಪಕ್ಕದ ಮನೆಯಾಕೆ, ಸ್ವಸಹಾಯ ಸಂಘದ ಇಬ್ಬರು, ಅದೇ ಪಾಳಿಯ ಇನ್ನೊಬ್ಬ ರೋಗಿಯ ಹೆಂಡತಿ.

ಮುಂದಿನದು ಬೇಡಿಕೆಯನ್ನು ಹೊಂದಿಸುವುದು. ನಮ್ಮ ಕೈಯಲ್ಲಿರುವ ತೊಂದರೆಗೆ ಕೈಯಾಸರೆ, ಮಾಹಿತಿ ಬೇಕು. ಕೈ ಮೀರಿದ್ದಕ್ಕೆ ಮನಸ್ಸಿನ ಆಸರೆ ಬೇಕು ಎಂಬುದು ಕಟ್ರೋನಾ ಮತ್ತು ರಸೆಲ್ 1990ರಲ್ಲಿ ಮಂಡಿಸಿದ ವಿಚಾರ. ಸೋಮವಾರದ ಹಾಲು ಮೊದಲನೆಯದು. ಗಂಡನ ಕಾಯಿಲೆ ಎರಡನೆಯದು. ನೆಂಟರು ಕಾಯಿಲೆಗೆ ಪರಿಹಾರ ಹೇಳುತ್ತಿದ್ದರು, ಹಾಲಿಗೆ ಅನುಕಂಪ ತೋರುತ್ತಿದ್ದರು. ಪೂರಾ ತಲೆಕೆಳಗು.

ಕೇಳುವ ಮಾತಿನಲ್ಲಿ ಯಾವ ಕೆಲಸ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ ಎಂಬ ನಾಲ್ಕೂ ಇರಬೇಕು. ಆಕೆ ಅಭ್ಯಾಸ ಮಾಡಿದ ವಾಕ್ಯ ಇದು: "ಮುಂದ್ಲ ನಾಕು ಸ್ವಾಮಾರ, ಬೆಳಿಗ್ಗೆ ಆರಕ್ಕೆ ನಮ್ಮನೆ ಹಾಲೂ ನಿನ್ ಜೊತೇಲೆ ಡೇರಿಗೆ ಹಾಕ್ತೀಯ? ಆಗ್ದಿದ್ರೆ ಈಗ್ಲೇ ಹೇಳ್ಬುಡು." ಕೊನೆ ಇಲ್ಲದ ಸಹಾಯಕ್ಕೆ ಜನ ಹೆದರುತ್ತಾರೆ, ನಾಲ್ಕು ವಾರಕ್ಕೆ ಹೆದರುವುದಿಲ್ಲ. ಮುಗಿದ ಮೇಲೆ ಮತ್ತೆ ಕೇಳಬಹುದು.

ಕೇಳಲು ಆಕೆಗಿದ್ದ ನಿಜವಾದ ಅಡ್ಡಿ ಹಂಗು. ಇದನ್ನು ಮನಃಶಾಸ್ತ್ರದ ಭಾಷಣದಿಂದ ಕರಗಿಸಲು ಹೊರಟರೆ ಸೋಲು ಖಚಿತ. ಊರಿನಲ್ಲೇ ಮುಯ್ಯಾಳಿನ ಲೆಕ್ಕ ಇದೆಯಲ್ಲ, ಅದನ್ನೇ ಹಿಡಿಯಲಾಯಿತು. ನಾಲ್ಕು ಸೋಮವಾರದ ಹಾಲಿಗೆ ಪ್ರತಿಯಾಗಿ ಒಂದು ಭಾನುವಾರ ಪಕ್ಕದ ಮನೆಯವರ ಗದ್ದೆಯಲ್ಲಿ ಕಳೆ. ಲೆಕ್ಕ ಹೊಂದಿದ್ದೇ ತಡ, ಕೇಳಲು ಬಾಯಿ ಬಂತು.

ಎಲ್ಲವೂ ಸುಸೂತ್ರ ನಡೆಯಲಿಲ್ಲ. ಬುಧವಾರದ ಹಾಲಿಗೆ ಒಪ್ಪಿದ್ದ ಓರಗಿತ್ತಿಯ ಮಗ ಎರಡನೇ ವಾರಕ್ಕೇ ನಾಪತ್ತೆ. ಕಾರಣ ಸೋಮಾರಿತನವಲ್ಲ. ಅತ್ತೆ ಎಂಟು ಜನರ ಎದುರು ಅವನನ್ನು ಒಪ್ಪಿಸಿದ್ದರು, ಇಲ್ಲ ಎನ್ನಲು ಅವನಿಗೆ ದಾರಿಯೇ ಇರಲಿಲ್ಲ. ಒಬ್ಬರೇ ಇದ್ದಾಗ ಕೇಳಬೇಕು, ಇಲ್ಲ ಎನ್ನಲು ಜಾಗ ಬಿಡಬೇಕು ಎನ್ನುವುದು ಇದಕ್ಕೇ. ಮಗಳು ಮಾಡಿದ ವಾಟ್ಸಾಪ್ ಗುಂಪಿನದು ಇನ್ನೊಂದು ಕಥೆ: ಮೂರೇ ದಿನಕ್ಕೆ ಕಿಡ್ನಿಗೆ ಕಷಾಯದ ಫಾರ್ವರ್ಡುಗಳು. ಕೆಲವು ಗಿಡಮೂಲಿಕೆಗಳು ಕಿಡ್ನಿಗೇ ಕುತ್ತು, ಕಿಡ್ನಿ ವೈದ್ಯರನ್ನು ಕೇಳದೆ ಒಂದು ಗುಟುಕೂ ಬೇಡ ಎಂದು ಹೇಳಿ, ಗುಂಪನ್ನು ಹಾಲು-ಆಟೋ ಹೊಂದಿಸುವ ಮೂವರಿಗೆ ಇಳಿಸಲಾಯಿತು. ಎಳನೀರಿನ ಹೊಣೆ ಅತ್ತೆಗೆ. "ಡಾಕ್ಟ್ರು ಬ್ಯಾಡ ಅಂದವ್ರೆ, ತರಂಗಿದ್ರೆ ಹಸೀಗೆ ಒಂದ್ ಹೊರೆ ಹುಲ್ಲು ತನ್ನಿ" ಎಂದು ಅವರು ಹೇಳತೊಡಗಿದರು. ನೆಂಟರಿಗೂ ಏನೋ ಕೊಟ್ಟ ತೃಪ್ತಿ ಉಳಿಯಿತು, ಅತ್ತೆಗೂ ಒಂದು ಅಧಿಕಾರ.

ಗಂಡನಿಗೂ ಸಿಡುಕು ಇತ್ತು, ಆ ವಿಷಯ ನಾಜೂಕಿನದು. ಬೋಲ್ಗರ್, ಝುಕರ್‌ಮನ್, ಕೆಸ್ಲರ್ 2000ದಲ್ಲಿ ವಕೀಲಿ ಪರೀಕ್ಷೆಗೆ ಓದುತ್ತಿದ್ದವರನ್ನೂ ಅವರ ಸಂಗಾತಿಗಳನ್ನೂ ಅಧ್ಯಯನ ಮಾಡಿದ್ದರು. ಪಡೆದವರ ಗಮನಕ್ಕೆ ಬಾರದ ಸಹಾಯವೇ ಹೆಚ್ಚು ಫಲಕೊಟ್ಟಿತ್ತು; ಎದ್ದು ಕಾಣುವ ಸಹಾಯ "ನನ್ನಿಂದ ಆಗದು" ಎಂಬ ಭಾವ ತರಬಲ್ಲದು. ಹಾಗಾಗಿ ಬಂದವರ ಮುಂದೆ ಗಂಡನ ಕಾಯಿಲೆಯ ವರದಿ ಒಪ್ಪಿಸುವುದು ನಿಲ್ಲಬೇಕು, ಗಂಡನಿಗೊಂದು ಕೆಲಸ ಇರಬೇಕು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಇರುವ ಕೈಯಲ್ಲಿ ಹಾಲಿನ ಕ್ಯಾನ್ ಎತ್ತುವಂತಿಲ್ಲ, ಲೆಕ್ಕ ಬರೆಯಲು ಅಡ್ಡಿಯಿಲ್ಲ. ಡೇರಿ ಪಾಸ್‌ಬುಕ್, ಕಬ್ಬಿನ ಬಿಲ್ಲು, ಸಂಘದ ಕಂತು ಅವರ ಪಾಲಿಗೆ ಬಂದವು. ಈಗ ಬೀದಿಯ ಇನ್ನೆರಡು ಮನೆಯವರೂ ಲೆಕ್ಕ ತೋರಿಸಲು ಬರುತ್ತಾರೆ. ಸ್ಟೆಫನಿ ಬ್ರೌನ್ ಮತ್ತು ಸಂಗಡಿಗರ 2003ರ ಅಧ್ಯಯನದಲ್ಲಿ ಸಹಾಯ ಮಾಡುತ್ತಿದ್ದ ಹಿರಿಯರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಇದನ್ನು ಆರೈಕೆ ಮಾಡಿ ಬಸವಳಿದ ಹೆಂಗಸರಿಗೆ "ಇನ್ನೂ ಕೊಡಿ" ಎಂಬ ಉಪದೇಶವಾಗಿ ಬಳಸುವವರಿದ್ದಾರೆ, ಅದು ಅನ್ಯಾಯ.

ಆಕೆಯ ಮನಸ್ಸಿನ ಆಸರೆ ಸಿಕ್ಕಿದ್ದು ಆಸ್ಪತ್ರೆಯ ಬೆಂಚಿನಲ್ಲಿ. ಅದೇ ಪಾಳಿಯ ಇನ್ನೊಬ್ಬ ಹೆಂಗಸಿನ ಜೊತೆ ಸರದಿ: ಒಬ್ಬರು ಇಬ್ಬರನ್ನೂ ನೋಡಿಕೊಂಡರೆ ಇನ್ನೊಬ್ಬರು ಒಂದು ಗಂಟೆ ಮಲಗಬಹುದು. ಮಧ್ಯಾಹ್ನ ಇಬ್ಬರ ಮನೆಗೂ ಒಂದೇ ಆಟೋ, ಬಾಡಿಗೆ ಅರ್ಧರ್ಧ.

ಮೂರು ತಿಂಗಳಿಗೆ ಯೋಗಕ್ಷೇಮದ ಅಂಕ 52, ಪಿಎಚ್‌ಕ್ಯು-9 ಏಳಕ್ಕೆ ಇಳಿದಿತ್ತು, ಅಂದರೆ ಸೌಮ್ಯ ಮಟ್ಟ. ಸ್ನೇಹಿತರ ಅಂಕ 4 ದಾಟಿತು. ಕುಟುಂಬದ್ದು ಇದ್ದಲ್ಲೇ ಇದೆ. ಶುಕ್ರವಾರದ ಹಾಲಿಗೆ ಇನ್ನೂ ಯಾರೂ ಸಿಕ್ಕಿಲ್ಲ, ಆ ದಿನ ಮಗಳೇ ಹಾಕಿ ಕಾಲೇಜಿಗೆ ಓಡುತ್ತಾಳೆ. ಮಗಳ ಪರೀಕ್ಷೆ ಶುರುವಾಗುವ ಎರಡು ವಾರ ಮೊದಲೇ ಆ ಶುಕ್ರವಾರಗಳಿಗೆ ಸಂಘದವರನ್ನು ಕೇಳುವುದು, ಆಗದಿದ್ದರೆ ಒಂದು ಹಸುವನ್ನು ಗಬ್ಬದ ಕೊನೆಯ ತಿಂಗಳುಗಳಲ್ಲಿ ತವರಿನಲ್ಲಿ ಕಟ್ಟುವುದು ಎಂದು ಮಾತಾಗಿದೆ.