ಬೇಟೆ ಮಾಂಸದ ಜೊತೆಗೆ ಹುರುಳಿಯೂ ಬೇಯುತ್ತಿತ್ತು

ಹಾವೇರಿಯ ಓದುಗರೊಬ್ಬರು ಕೇಳಿದ್ದಾರೆ: ‘ಮಗಳ ಪಾಠದಲ್ಲಿ ಆದಿಮಾನವ ಅಂದರೆ ಜಿಂಕೆ ಸುಡುತ್ತಾ ಕೂತ ಗಂಡಸರ ಚಿತ್ರ ಮಾತ್ರ ಇದೆ. ಅವರು ಕಾಳು, ಕಡ್ಡಿ ತಿನ್ನುತ್ತಿರಲಿಲ್ವಾ? ನಮ್ಮ ಮುದ್ದೆ, ರೊಟ್ಟಿ ಆಗಲೇ ಇತ್ತಾ?’

ತಿನ್ನುತ್ತಿದ್ದರು, ಖಂಡಿತ. ಮಾಂಸವೇ ಕಣ್ಣಿಗೆ ಬೀಳಲು ಒಂದು ಕಾರಣ ಇದೆ. ಮೂಳೆ ಸಾವಿರಾರು ವರ್ಷ ಉಳಿಯುತ್ತದೆ, ಸೊಪ್ಪು ಕೊಳೆತು ಹೋಗುತ್ತದೆ. ಕಾಳು ಉಳಿಯಬೇಕಾದರೆ ಒಲೆಗೆ ಬಿದ್ದು ಕರಕಲಾಗಿರಬೇಕು. ಅಂಥ ಕರಕಲು ಕಾಳನ್ನು ಹುಡುಕುವ ರೀತಿ ಸರಳ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡುತ್ತಾರೆ. ಮಣ್ಣು ತಳ ಸೇರುತ್ತದೆ, ಇದ್ದಿಲು ಮತ್ತು ಸುಟ್ಟ ಕಾಳು ತೇಲುತ್ತವೆ. ಅದನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೇ ಗುರುತಿಸುತ್ತಾರೆ.

ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಗಳ ಮಣ್ಣಿನಲ್ಲಿ ಹೀಗೆ ಸಿಕ್ಕಿದ್ದು ಏನು ಗೊತ್ತೇ? ಹುರುಳಿ, ಹೆಸರು, ಮತ್ತೆ ಕೊರಲೆಯಂಥ ಸಣ್ಣ ಸಿರಿಧಾನ್ಯ. ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಊಟ ಇದು. ತುಮಕೂರು, ಚಿತ್ರದುರ್ಗದ ಕಡೆ ಇಂದಿಗೂ ಕೊರಲೆ ಬೆಳೆಯುತ್ತಾರೆ. ಹುರುಳಿ ಸಾರು ನಮ್ಮಲ್ಲಿ ಎಷ್ಟು ಮನೆಯಲ್ಲಿ ಇಲ್ಲ ಹೇಳಿ!

ಇದನ್ನು ತಿನ್ನಲು ಪಡುತ್ತಿದ್ದ ಪಾಡನ್ನು ಯಾವ ಚಿತ್ರವೂ ತೋರಿಸುವುದಿಲ್ಲ. ಕೊರಲೆಯ ಸಿಪ್ಪೆ ಗಟ್ಟಿ. ಕುಟ್ಟಬೇಕು, ಹೊಟ್ಟು ಹಾರಿಸಬೇಕು, ಮತ್ತೆ ಕುಟ್ಟಬೇಕು. ಹುರುಳಿ ಬೇಗ ಬೇಯುವುದಿಲ್ಲ, ಸೌದೆ ಜಾಸ್ತಿ ಬೇಕು. ಸಂಗನಕಲ್ಲಿನ ಬಂಡೆಗಳ ಮೇಲೆ ಉದ್ದುದ್ದ ತಗ್ಗುಗಳಿವೆ. ಒಳಗೆ ಕೈಯಾಡಿಸಿದರೆ ನುಣ್ಣಗೆ ಜಾರುತ್ತದೆ. ಕಲ್ಲಿನಿಂದ ತಿಕ್ಕಿ ತಿಕ್ಕಿ ಕಾಳು ಅರೆದ ಜಾಗಗಳವು. ಕಲ್ಲುಕೊಡಲಿ ಮಸೆದ ಗುರುತುಗಳು ಬೇರೆ ಇವೆ, ಅವು ಕಿರಿದಾಗಿರುತ್ತವೆ. ಅರೆಯುತ್ತಿದ್ದವರು ಹೆಂಗಸರೋ ಗಂಡಸರೋ ಬಂಡೆ ಹೇಳುವುದಿಲ್ಲ. ಆದರೆ ಬೇಟೆಗಾರನಿಗೆ ಕೊಡುವಷ್ಟೇ ಜಾಗವನ್ನು ಪಾಠದಲ್ಲಿ ಇವರಿಗೂ ಕೊಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಹೊತ್ತುಹೊತ್ತಿಗೆ ಹೊಟ್ಟೆ ತುಂಬಿಸಿದ್ದು ಈ ದುಡಿಮೆ.

ಹಾಗಂತ ಮಾಂಸ ಕಡಿಮೆ ಇತ್ತು ಎನ್ನಲಾಗದು. ಇವರು ದನ, ಕುರಿ, ಮೇಕೆ ಸಾಕಿದವರು. ದೊಡ್ಡಿಯ ಸಗಣಿಯನ್ನು ಗುಡ್ಡೆ ಹಾಕಿ ಸುಟ್ಟ ಬೂದಿದಿಬ್ಬಗಳು ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿವೆ. ಸುರಪುರ ಹತ್ತಿರದ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಅಗೆದಾಗ ದನ ಕಡಿಯುತ್ತಿದ್ದ ಜಾಗವೇ ಸಿಕ್ಕಿತು. ಮೂಳೆಗಳ ಜೊತೆಗೇ ಚೂಪಾದ ಕಲ್ಲಿನ ಚೂರಿಗಳೂ ಬಿದ್ದಿದ್ದವು. ಅವರು ದನದ ಮಾಂಸ ತಿನ್ನುತ್ತಿದ್ದರು. ಇದನ್ನು ಮಗಳಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ಇನ್ನು ಮುದ್ದೆ, ರೊಟ್ಟಿ. ರಾಗಿ, ಜೋಳ ಎರಡೂ ಆಫ್ರಿಕಾದ ಬೆಳೆಗಳು, ನಮ್ಮಲ್ಲಿಗೆ ಆಮೇಲೆ ಬಂದವು. ಸಂಗನಕಲ್ಲಿನ ಆ ಜನರ ಮಡಕೆಗಳನ್ನು, ಸಿಕ್ಕ ಕಾಳನ್ನು ನೋಡಿದರೆ ಗಂಜಿಯ ಹಾಗೆ ಬೇಯಿಸಿಕೊಂಡು ಉಣ್ಣುತ್ತಿದ್ದರು ಅನ್ನುವುದು ಹೆಚ್ಚು ಹೊಂದುತ್ತದೆ.

ಒಂದು ಸಂಕಟದ ಮಾತು. ಈ ಗುಡ್ಡಗಳ ಸುತ್ತ ಕಲ್ಲುಗಣಿಗಾರಿಕೆ ನಡೆದು ಎಷ್ಟೋ ಬಂಡೆ ಒಡೆದು ಹೋಗಿವೆ. ಬೂದಿಯನ್ನು ಹೊಲಕ್ಕೆ ಗೊಬ್ಬರವಾಗಿ ಹೊತ್ತು ದಿಬ್ಬಗಳೂ ಕರಗಿವೆ. ಅರೆದ ತಗ್ಗಿರುವ ಬಂಡೆ ಜಲ್ಲಿಯಾದರೆ ಅದನ್ನು ಮತ್ತೆಲ್ಲಿಂದ ತರೋಣ?

ರಜೆಯಲ್ಲಿ ಬಳ್ಳಾರಿಗೆ ಹೋಗಿ ಬನ್ನಿ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಅಲ್ಲಿದೆ. ಮೊದಲು ಅದನ್ನು ನೋಡಿ, ಆಮೇಲೆ ಬೆಳಗಿನ ತಂಪಲ್ಲಿ ಗುಡ್ಡ ಹತ್ತಿ. ನೀರು ಜಾಸ್ತಿ ಇಟ್ಟುಕೊಳ್ಳಿ, ಅಲ್ಲಿ ನೆರಳು ಕಡಿಮೆ.

— ಸಂಪಾದಕ